ಕೇಳಿಸುವ ಹಾಡು, ಹಾಡಿಸುವ ಹಾಡು

ಹಾಡು ಒಬ್ಬರ ಬಾಯಿಯಿಂದ ಹೊರಟು ಇನ್ನೊಬ್ಬರ ಕಿವಿಯನ್ನು ಸೇರುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಆ ಕಿವಿಯಿಂದ ಅದು ಮತ್ತೆ ಬಾಯಿಗೆ ಬರುತ್ತದೆಯೇ ಇಲ್ಲವೇ ಎಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಭಕ್ತಿಯ ಹಾಡಿನ ಮಟ್ಟಿಗೆ ವಿಚಾರಿಸಬೇಕಾದ ಮುಖ್ಯ ಸಂಗತಿಯೇ ಅದು ಎಂದು ನಾವು ಭಾವಿಸುತ್ತೇವೆ.

ರೋಣ, ನರಗುಂದ, ಗಜೇಂದ್ರಗಡದ ಕಡೆಗೆ ಶ್ರಾವಣದ ಪ್ರವಚನಕ್ಕೆಂದು ಹೋದಾಗ ಈಚಿನ ವರ್ಷಗಳಲ್ಲಿ ನಮ್ಮೆದುರು ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮನೆಯ ತರುಣರು ವಚನಗಳಿಗೆ ಹೊಸ ಧಾಟಿ ಹಚ್ಚಿ, ಗಿಟಾರು, ಕೀಬೋರ್ಡು, ಡ್ರಮ್ಮುಗಳನ್ನು ಕೂಡಿಸಿ ಆಲ್ಬಮ್ ಮಾಡಬೇಕೆನ್ನುತ್ತಾರೆ. ಶರಣರ ಮಾತಿಗೆ ಅದು ಸಲ್ಲದ ವೇಷವೆಂದು ಹಿರಿಯರು ಹೇಳುತ್ತಾರೆ. ಸ್ಟುಡಿಯೊದ ಬಾಡಿಗೆಗೆ ಹಣ ಕೊಡಬೇಕಾದ ತಂದೆತಾಯಿಗಳು ನಡುವೆ ನಿಂತು ನಮ್ಮ ಮುಖ ನೋಡುತ್ತಾರೆ. ಹೌದೆಂದರೆ ಹಿರಿಯರಿಗೆ ನೋವು, ಅಲ್ಲವೆಂದರೆ ವಚನದ ಹತ್ತಿರ ಬಂದ ಮಗುವನ್ನು ದೂರ ಅಟ್ಟಿದ ಪಾಪ. ಇಂಥ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಲ್ಲದು. ಆದ್ದರಿಂದ ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಈ ಜಿಜ್ಞಾಸೆ ನಮ್ಮೊಬ್ಬರದೇ ಅಲ್ಲ. ಕ್ರೈಸ್ತ ಸಮಾಜ ಇದನ್ನು ನಮಗಿಂತ ಮೊದಲೇ ಎದುರಿಸಿ, ದೀರ್ಘಕಾಲ ವಾದಿಸಿ, ಲಾಭ ನಷ್ಟ ಎರಡನ್ನೂ ಉಂಡಿದೆ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಬೂತ್ ಅವರ ಸಾಲ್ವೇಷನ್ ಆರ್ಮಿಯವರು ಜನರು ಮನರಂಜನೆಗೆಂದು ಹಾಡುತ್ತಿದ್ದ ಧಾಟಿಗಳಿಗೆ ದೇವರ ಮಾತನ್ನು ಜೋಡಿಸಿ ಬೀದಿಯಲ್ಲಿ ಹಾಡಿದರು. ನಮ್ಮ ಭಜನಾ ಮೇಳಗಳವರು ಸಿನಿಮಾ ಧಾಟಿಗೆ ಶಿವನಾಮ ಕೂಡಿಸಿದಂತೆಯೇ ಅದು. 1969ರಲ್ಲಿ ಅಮೆರಿಕದ ಲ್ಯಾರಿ ನಾರ್ಮನ್ ಎಂಬ ಗಾಯಕರು ‘ಅಪಾನ್ ದಿಸ್ ರಾಕ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ರಾಕ್ ಸಂಗೀತದಲ್ಲಿ ಯೇಸುವಿನ ಭಕ್ತಿಯನ್ನು ಹಾಡಿದ ಮೊದಲ ಆಲ್ಬಮ್ ಎಂದು ಅನೇಕರು ಅದನ್ನು ಎಣಿಸುತ್ತಾರೆ. ರಾಕ್ ಎಂದರೆ ದುರ್ವ್ಯಸನದ ಸಂಗಾತಿ ಎಂದು ತಿಳಿದಿದ್ದ ಚರ್ಚಿನ ಹಿರಿಯರು ಆಗ ಹೇಳಿದ ಮಾತುಗಳಿಗೂ, ಇಂದು ನಮ್ಮ ಕಟ್ಟೆಗಳ ಮೇಲೆ ಕೇಳಿಬರುವ ಮಾತುಗಳಿಗೂ ಹೆಚ್ಚಿನ ಅಂತರವಿಲ್ಲ. 1971ರಲ್ಲಿ ಕ್ಯಾಲಿಫೋರ್ನಿಯದ ಒಂದು ಚರ್ಚು ಇಂಥ ತರುಣ ಗಾಯಕರಿಗಾಗಿ ‘ಮಾರನಾಥ’ ಎಂಬ ಧ್ವನಿಮುದ್ರಣ ಸಂಸ್ಥೆಯನ್ನೇ ತೆರೆಯಿತು. ಅಲ್ಲಿಂದ ಮುಂದೆ ಅದೊಂದು ದೊಡ್ಡ ಉದ್ಯಮವಾಗಿ ಬೆಳೆಯಿತು.

ಆ ಉದ್ಯಮದ ಶಿಖರವೆನಿಸಿದ ಒಂದು ಆಲ್ಬಮ್ಮಿನ ನಿರ್ಮಾಣವನ್ನು ವಾಚಕರು ಗಮನಿಸಬೇಕು. ಏಮಿ ಗ್ರಾಂಟ್ ಎಂಬ ಗಾಯಕಿ ಹದಿಹರೆಯದಿಂದಲೇ ಕ್ರೈಸ್ತ ಭಕ್ತಿಗೀತಗಳಿಗೆ ಹೆಸರಾದವರು. 1991ರಲ್ಲಿ ಅವರ ‘ಹಾರ್ಟ್ ಇನ್ ಮೋಷನ್’ ಹೊರಬಂದಿತು. ಅದರ ಅತ್ಯಂತ ಪ್ರಸಿದ್ಧ ಹಾಡು ಹುಟ್ಟಿದ ಬಗೆ ಕುತೂಹಲಕರವಾದುದು. ಕೀತ್ ಥಾಮಸ್ ಎಂಬ ಸಂಗೀತಗಾರರು ಮೊದಲು ಸಂಗೀತವನ್ನು ಸಿದ್ಧಪಡಿಸಿದರು. ಅದಕ್ಕೆ ಮಾತು ಇನ್ನೂ ಬೇಕಾಗಿತ್ತು. ಗ್ರಾಂಟ್ ತಮ್ಮ ಹಸುಗೂಸಿನ ಮುಖವನ್ನು ನೋಡಿ ಆ ಧಾಟಿಗೆ ಮಾತುಗಳನ್ನು ಬರೆದರು. ತಾಯಿ ಮಗುವಿಗೆ ಬರೆದ ಆ ಹಾಡು ಕೇಳುವವರಿಗೆ ಪ್ರಣಯಗೀತದಂತೆ ಕೇಳಿಸಿತು. ಅದರ ವಿಡಿಯೊದಲ್ಲಿ ಗಾಯಕಿಯ ಜೊತೆಗೆ ಒಬ್ಬ ನಟ ಕಾಣಿಸಿಕೊಂಡದ್ದು ಭಕ್ತ ಸಮುದಾಯದ ಅನೇಕರಿಗೆ ಹಿಡಿಸಲಿಲ್ಲ. ಆದರೆ 1991ರ ಏಪ್ರಿಲ್‌ನಲ್ಲಿ ಆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದಾಯಿತು. ಆಲ್ಬಮ್ಮಿಗೆ ಆ ಒಂದು ದೇಶದಲ್ಲಿಯೇ 50 ಲಕ್ಷ ಪ್ರತಿಗಳ ಮಾನ್ಯತೆ ದೊರಕಿತು.

ಇದನ್ನು ನಾವು ನಿಂದೆಗಾಗಿ ಹೇಳುತ್ತಿಲ್ಲ. ತಾಯಿಯ ವಾತ್ಸಲ್ಯವೂ ದೇವರ ಒಂದು ಮುಖವೇ. ಆದರೆ ಪಾಪ್ ಸಂಗೀತದ ಕೆಲಸ ನಡೆಯುವ ಕ್ರಮ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಧಾಟಿ ಮೊದಲು, ಮಾತು ಆಮೇಲೆ. ಮೊದಲು ಅಂಗಿ ಹೊಲಿದು, ಆಮೇಲೆ ಅದಕ್ಕೆ ತಕ್ಕ ಮೈಯನ್ನು ಹುಡುಕಿದಂತೆ. ಹೊಸದಾಗಿ ಮಾತು ಬರೆಯುವವರಿಗೆ ಇದರಿಂದ ತೊಂದರೆಯಿಲ್ಲ, ಬೇಕಾದಂತೆ ಬರೆದುಕೊಳ್ಳಬಹುದು. ಎಂಟುನೂರು ವರ್ಷಗಳ ಹಿಂದೆಯೇ ನುಡಿದು ಮುಗಿದಿರುವ ವಚನಕ್ಕೆ ಈ ಕ್ರಮವನ್ನು ಅನ್ವಯಿಸಿದರೆ ಏನಾಗುತ್ತದೆ? ಅಂಗಿಗೆ ಸರಿಹೋಗಲೆಂದು ಮೈಯನ್ನೇ ಕತ್ತರಿಸಬೇಕಾಗುತ್ತದೆ.

ಅದೇ ಕ್ರೈಸ್ತ ಸಮಾಜದಲ್ಲಿ ಎರಡನೆಯ ಬಗೆಯ ಆಲ್ಬಮ್ ಕೂಡ ಹುಟ್ಟಿತು. ಆಸ್ಟ್ರೇಲಿಯದ ಸಿಡ್ನಿಯ ಹಿಲ್‌ಸಾಂಗ್ ಚರ್ಚಿನವರು 1990ರ ದಶಕದಿಂದ ಹೊರತಂದ ಅನೇಕ ಧ್ವನಿಮುದ್ರಿಕೆಗಳು ಮುಚ್ಚಿದ ಕೋಣೆಯಲ್ಲಿ ಸಿದ್ಧವಾದವಲ್ಲ. ಪ್ರಾರ್ಥನೆಗೆ ನೆರೆದ ಸಭೆಯ ನಡುವೆ, ಸಭೆಯೂ ಜೊತೆಗೂಡಿ ಹಾಡುತ್ತಿರುವಾಗಲೇ ಮುದ್ರಿಸಿಕೊಂಡವು. ಅಲ್ಲಿಯ ಡಾರ್ಲೀನ್ ಚೆಕ್ ಎಂಬವರು 1993ರಲ್ಲಿ ರಚಿಸಿದ ಒಂದು ಗೀತ ಲೋಕದ ನಾನಾ ದೇಶಗಳ ಚರ್ಚುಗಳಲ್ಲಿ ಜನರ ಬಾಯಲ್ಲಿ ನೆಲೆಸಿತು. ವಾದ್ಯಗಳು ಇಲ್ಲಿಯೂ ಗಿಟಾರು, ಡ್ರಮ್ಮುಗಳೇ. ಭೇದವಿರುವುದು ಉದ್ದೇಶದಲ್ಲಿ. ಮೊದಲ ಬಗೆಯದು ಕೇಳಿ ಆನಂದಿಸಲು, ಎರಡನೆಯದು ಕೇಳಿದವರು ಮುಂದಿನ ಭಾನುವಾರ ತಾವೇ ಹಾಡಲು. ಅಂಥ ಗೀತಗಳ ಮಾತುಗಳನ್ನು ಅಚ್ಚುಹಾಕಲು, ಪರದೆಯ ಮೇಲೆ ತೋರಿಸಲು ಚರ್ಚುಗಳಿಗೆ ಅನುಮತಿ ಸಿಗಲೆಂದು, ರಚಿಸಿದವರಿಗೂ ತಕ್ಕ ಹಣ ಮುಟ್ಟಲೆಂದು 1988ರಲ್ಲಿ ಅಮೆರಿಕದಲ್ಲಿ ಸಿಸಿಎಲ್ಐ ಎಂಬ ಒಂದು ಸಂಸ್ಥೆಯನ್ನೇ ಕಟ್ಟಲಾಯಿತು. ಹಾಡು ಸಭೆಯ ಬಾಯಿಗೆ ಹೋಗಬೇಕೆಂಬ ಆಸೆಗೆ ಅವರು ವ್ಯವಹಾರದ ಏರ್ಪಾಟನ್ನೂ ಮಾಡಿಕೊಂಡರು ಎಂಬುದು ಇಲ್ಲಿ ನೋಡತಕ್ಕ ಸಂಗತಿ.

ಇಷ್ಟು ದೂರ ಹೋಗದೆ ನಮ್ಮ ಗದಗಿನ ಮಗ್ಗುಲಲ್ಲಿಯೇ ಇದಕ್ಕೊಂದು ಪೂರ್ವಕಥೆಯುಂಟು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ, 1841ರಲ್ಲಿ ಬೆಟಗೇರಿಗೂ ಬಂದು ನೆಲೆಸಿದರು. ತಮ್ಮ ನಾಡಿನ ಸ್ತೋತ್ರಗೀತಗಳನ್ನು ಕನ್ನಡಕ್ಕೆ ತಂದು, ಜರ್ಮನ್ ಧಾಟಿಯಲ್ಲಿಯೇ ಹಾಡಿಸಿದರು. ಅಲ್ಲಿಯ ಪದ್ಯದ ನಡೆ ಉಚ್ಚಾರದ ಒತ್ತಿನ ಮೇಲೆ ನಿಂತದ್ದು. ನಮ್ಮದು ಲಘು ಗುರುಗಳ ಮಾತ್ರೆಯ ಮೇಲೆ ನಿಂತದ್ದು. ಪರದೇಶದ ಧಾಟಿಯಲ್ಲಿ ಕನ್ನಡದ ಮಾತನ್ನು ಕೂಡಿಸಿದಾಗ ಲಘು ಎಳೆಯಬೇಕಾಗುತ್ತದೆ, ಗುರು ಕುಗ್ಗಬೇಕಾಗುತ್ತದೆ. ಹಾಡುವವರ ನಾಲಗೆಗೆ ಇದು ಕೂಡಲೇ ತಿಳಿಯುತ್ತದೆ. ಇದನ್ನು ಚೆನ್ನಾಗಿ ಬಲ್ಲವರು ಅವರಲ್ಲಿಯೇ ಒಬ್ಬರಿದ್ದರು. ಅವರೇ ರೆವರೆಂಡ್ ಫರ್ಡಿನಂಡ್ ಕಿಟೆಲ್. ಅವರನ್ನು ನಾವು 1894ರ ನಿಘಂಟಿನಿಂದ ಸ್ಮರಿಸುತ್ತೇವೆ. ಅದಕ್ಕೂ ಬಹಳ ಮೊದಲೇ, 1862ರಲ್ಲಿ, ಅವರು ಕ್ರಿಸ್ತನ ಚರಿತ್ರೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂದು ರಚಿಸಿದ್ದರು. ಮುಂದೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ತಮ್ಮ ಮತದ ಮಾತು ಕನ್ನಡಿಗರ ಬಾಯಲ್ಲಿ ನಿಲ್ಲಬೇಕಾದರೆ ಕನ್ನಡದ ನಡೆಯನ್ನೇ ಹಿಡಿಯಬೇಕೆಂಬ ವಿವೇಕ ಆ ಪರದೇಶಿ ಪಂಡಿತರಲ್ಲಿತ್ತು. ಕನ್ನಡದಲ್ಲಿಯೇ ಹುಟ್ಟಿದ ನಮ್ಮ ತರುಣರು ವಚನಕ್ಕೆ ಸಂಗೀತ ಹಚ್ಚುವಾಗ ಆ ವಿವೇಕವನ್ನು ಬಿಡಬಾರದು.

ಇನ್ನು ವಚನದ ಸ್ವರೂಪವನ್ನು ನೋಡೋಣ. ವಚನ ಎಂದರೆ ನುಡಿದದ್ದು, ಹಾಡೆಂದು ಕಟ್ಟಿದ್ದಲ್ಲ. ಅದಕ್ಕೆ ಪಲ್ಲವಿಯಿಲ್ಲ, ಚರಣವಿಲ್ಲ, ಪ್ರಾಸದ ನಿಯಮವಿಲ್ಲ. ತಾಳ, ಛಂದಸ್ಸುಗಳ ಲೆಕ್ಕಕ್ಕೆ ಸಿಕ್ಕದೆ ಮನವೊಪ್ಪಿದಂತೆ ಹಾಡುವ ಭಾವವನ್ನು ಬಸವಣ್ಣನವರೇ ಒಂದು ವಚನದಲ್ಲಿ ತೋಡಿಕೊಂಡಿದ್ದಾರೆ. ಹಾಡಿಕೊಳ್ಳಲೆಂದೇ ಪಲ್ಲವಿಯಿಟ್ಟು ರಚಿಸಿದವು ಬೇರೆ ಉಂಟು. ಅವು ಸ್ವರವಚನಗಳು. ಆಮೇಲೆ ಬಂದವು ನಿಜಗುಣ ಶಿವಯೋಗಿಗಳ ‘ಕೈವಲ್ಯ ಪದ್ಧತಿ’, ಮುಪ್ಪಿನ ಷಡಕ್ಷರಿಗಳ ‘ಸುಬೋಧಸಾರ’, ಸರ್ಪಭೂಷಣ ಶಿವಯೋಗಿಗಳ ‘ಕೈವಲ್ಯ ಕಲ್ಪವಲ್ಲರಿ’, ಶಿಶುನಾಳ ಶರೀಫರ ತತ್ತ್ವಪದಗಳು. ನಮ್ಮ ಊರುಗಳ ಭಜನೆ ನಿಂತಿರುವುದು ಈ ಪದಗಳ ಮೇಲೆ. ಒಬ್ಬರು ನುಡಿಯೆತ್ತಿಕೊಡುತ್ತಾರೆ, ಉಳಿದವರು ಹಿಂದೆ ಹಾಡುತ್ತಾರೆ. ಪೇಟಿ, ತಬಲಾ, ತಾಳ, ಏಕತಾರಿ ಇದ್ದರೆ ಸಂತೋಷ, ಇಲ್ಲದಿದ್ದರೂ ಚಪ್ಪಾಳೆ ಇದ್ದೇ ಇದೆ. ಓದು ಬರದ ತಾಯಿಯೂ ಹತ್ತು ಸೋಮವಾರ ಕುಳಿತು ಕೇಳಿದರೆ ಹನ್ನೊಂದನೆಯ ಸೋಮವಾರ ತಾನೇ ಹಾಡುತ್ತಾಳೆ.

ವಚನವನ್ನು ಸಂಗೀತಕ್ಕೆ ತಂದ ದೊಡ್ಡವರೂ ನಮ್ಮ ಸೀಮೆಯಲ್ಲಿಯೇ ಆಗಿಹೋದರು. 1992ರಲ್ಲಿ ಲಿಂಗೈಕ್ಯರಾದ ಪಂಡಿತ ಮಲ್ಲಿಕಾರ್ಜುನ ಮನ್ಸೂರರು ಎಚ್ಎಂವಿ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿ ಕೆಲಸ ಮಾಡಿದವರು. ಧ್ವನಿಮುದ್ರಣದ ಒಳಹೊರಗನ್ನೆಲ್ಲ ಬಲ್ಲವರು. ಅವರ ವಚನಗಾಯನದಲ್ಲಿ ಮಾತು ಮುಂದೆ ನಡೆಯುತ್ತದೆ, ರಾಗ ಅದರ ಹಿಂದೆ ನೆರಳಿನಂತೆ ಬರುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳೂ ಅಂಧರಿಗೆ, ಬಡ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಪಂಡಿತ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಪಂಡಿತ ವೆಂಕಟೇಶಕುಮಾರರು ಪುಟ್ಟರಾಜರಲ್ಲಿ ಹನ್ನೆರಡು ವರ್ಷ ಕಲಿತವರು. ಇವರ ವಚನಗಾಯನದ ಧ್ವನಿಮುದ್ರಿಕೆಗಳೂ ಆಲ್ಬಮ್ಮುಗಳೇ. ಅವುಗಳನ್ನು ಕೇಳಿ ಯಾವ ಹಿರಿಯರೂ ಮುಖ ತಿರುವಲಿಲ್ಲ. ಆದ್ದರಿಂದ ಯಂತ್ರದಲ್ಲಿ ದೋಷವಿದೆಯೆಂದು ಹೇಳುವಂತಿಲ್ಲ.

ಯಂತ್ರದಿಂದ ಆಗಬಹುದಾದ ಮಹದುಪಕಾರಕ್ಕೆ ರೋಣವೇ ಸಾಕ್ಷಿ. 1922ರಲ್ಲಿ ಅಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಮೆರವಣಿಗೆಯ ವಾದ್ಯದ ಸದ್ದು ಕೇಳಿದರೆ ಅದರ ಬೆನ್ನುಹತ್ತಿ ಎಲ್ಲಿಗೋ ಹೋಗಿಬಿಡುತ್ತಿದ್ದರು. ಹುಡುಕಿ ಹುಡುಕಿ ದಣಿದ ತಂದೆ ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದು ಕಳುಹಿಸುತ್ತಿದ್ದರಂತೆ. ಆ ಹುಡುಗ ಒಮ್ಮೆ ಗ್ರಾಮಾಫೋನ್ ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ಠುಮರಿಯೊಂದನ್ನು ಕೇಳಿದ. ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಾಲ್ಕು ನಿಮಿಷದ ಸಂಗೀತ ಮಾತ್ರ. ಅಷ್ಟು ಹೊತ್ತಿನ ನಾದ ಹನ್ನೊಂದು ವಯಸ್ಸಿನ ಹುಡುಗನನ್ನು 1933ರಲ್ಲಿ ಮನೆಬಿಡಿಸಿ ಗುರುವನ್ನು ಹುಡುಕಲು ಹಚ್ಚಿತು. ಕೊನೆಗೆ 1936ರಲ್ಲಿ ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರು ಅವನನ್ನು ಕುಂದಗೋಳದಲ್ಲಿ ಶಿಷ್ಯನನ್ನಾಗಿ ಸ್ವೀಕರಿಸಿದರು. ತಟ್ಟೆ ತೋರಿಸಿದ್ದು ಬಾಗಿಲನ್ನು, ಒಳಗೆ ಕರೆದುಕೊಂಡು ಹೋದವರು ಗುರುಗಳು. ಮೂರು ನಿಮಿಷ ಕೇಳಿದ್ದಕ್ಕೆ ಹಲವು ವರ್ಷ ಸೇವೆಮಾಡಿ ಕಲಿತ ಆ ಬಾಲಕನಿಗೆ 2008ರಲ್ಲಿ ಭಾರತರತ್ನ ಬಂದಿತು. ಅವರ ದಾಸವಾಣಿಯ ಧ್ವನಿಮುದ್ರಿಕೆಗಳು ಕನ್ನಡಿಗರ ಮನೆಗಳನ್ನು ಬೆಳಗಿದವು. ಕಿವಿಗೆ ಬಿದ್ದದ್ದು ಕಂಠಕ್ಕೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಇಂದಿನ ಆತಂಕವೇನು? ಇಂದಿನ ಸ್ಟುಡಿಯೊದಲ್ಲಿ ಹಾಡು ಬಿಡಿಬಿಡಿಯಾಗಿ ಸಿದ್ಧವಾಗುತ್ತದೆ. ತಬಲಾದವರು ಒಂದು ದಿನ ಬಂದು ನುಡಿಸಿ ಹೋಗುತ್ತಾರೆ, ಕೊಳಲಿನವರು ಇನ್ನೊಂದು ದಿನ. ಹಾಡುವವರು ಗಾಜಿನ ಕೋಣೆಯಲ್ಲಿ ಒಬ್ಬರೇ ನಿಂತು, ಹೆಡ್‌ಫೋನಿನಲ್ಲಿ ಬರುವ ಟಕ್ ಟಕ್ ಸದ್ದಿನ ಅಳತೆಗೆ ಹಾಡಬೇಕು. ಒಂದು ಸಾಲು ತಪ್ಪಿದರೆ ಆ ಸಾಲನ್ನಷ್ಟೇ ಮತ್ತೆ ಹಾಡಿಸಿ ಕೂಡಿಸುತ್ತಾರೆ. ಶ್ರುತಿ ತುಸು ಜಾರಿದರೆ ತಿದ್ದಲು ‘ಆಟೋ ಟ್ಯೂನ್’ ಎಂಬ ಸಾಫ್ಟ್‌ವೇರ್ ಇದೆ. 1997ರಲ್ಲಿ ಅದನ್ನು ಹೊರತಂದ ಆಂಡಿ ಹಿಲ್ಡೆಬ್ರಾಂಡ್ ಎಂಬವರು ಅದಕ್ಕೆ ಮೊದಲು ಭೂಮಿಯೊಳಗೆ ಕಂಪನದ ಅಲೆಗಳನ್ನು ಕಳುಹಿಸಿ ಎಣ್ಣೆಯ ನಿಕ್ಷೇಪ ಹುಡುಕುವ ಗಣಿತದಲ್ಲಿ ಪಳಗಿದವರು. ಅದೇ ಗಣಿತ ಮನುಷ್ಯನ ಕಂಠದ ಶ್ರುತಿಯನ್ನು ಅಳೆಯಲು ಬಂತು. ಇದು ಬುದ್ಧಿಯ ಸಾಹಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ಹೀಗೆ ಕಡೆದು ನುಣುಪುಗೊಳಿಸಿದ ಹಾಡನ್ನು ನಿತ್ಯವೂ ಕೇಳಿದ ಮನೆಯ ಸೊಸೆ, ದೇವರ ಮನೆಯಲ್ಲಿ ತನ್ನ ಕಂಠವೆತ್ತಲು ನಾಚುತ್ತಾಳೆ. ‘ನನ್ನ ದನಿ ಅಷ್ಟು ಚಂದ ಇಲ್ಲ’ ಎನ್ನುತ್ತಾಳೆ. ಅಷ್ಟು ಚಂದದ ದನಿ ಆಲ್ಬಮ್ಮಿನಲ್ಲಿ ಹಾಡಿದವರಿಗೂ ಇಲ್ಲವೆಂಬುದು ಆಕೆಗೆ ತಿಳಿಯದು.

ಕಳೆದುಹೋಗುತ್ತಿರುವುದು ಇದೇ. ನರಗುಂದದ ಎರಿ ಹೊಲದಲ್ಲಿ ಕಳೆ ತೆಗೆಯುವವರ ಕೊರಳಲ್ಲಿ, ಗಜೇಂದ್ರಗಡದ ಮಗ್ಗದ ಮನೆಗಳಲ್ಲಿ ಲಾಳಿಯ ಓಟದೊಡನೆ ಹಾಡಿರುತ್ತಿತ್ತು. ಈಗ ಅಲ್ಲಿಯೂ ಹಾಡಿದೆ, ಆದರೆ ಅದು ಮೊಬೈಲಿನಿಂದ ಬರುತ್ತದೆ. ಗುಡಿಯ ಧ್ವನಿವರ್ಧಕ ನಸುಕಿನಲ್ಲಿ ವಚನ ನುಡಿಯುತ್ತದೆ, ಊರು ಮಲಗಿ ಕೇಳುತ್ತದೆ. ವಚನ ಹಿಂದೆಂದೂ ಇಷ್ಟು ಕಿವಿಗಳನ್ನು ಮುಟ್ಟಿರಲಿಲ್ಲ, ಇಷ್ಟು ಕಡಿಮೆ ಬಾಯಿಗಳಲ್ಲಿಯೂ ಇರಲಿಲ್ಲವೇನೋ ಎಂಬ ಶಂಕೆ ನಮ್ಮನ್ನು ಕಾಡುತ್ತದೆ.

ಆದಕಾರಣ ಆಲ್ಬಮ್ ಮಾಡಬೇಕೆನ್ನುವ ತರುಣರಿಗೆ ಬೇಡವೆಂದು ನಾವು ಹೇಳುವುದಿಲ್ಲ. ಹಣ ಕೊಡುವ ಮೊದಲು ಮನೆಯವರು ಅವರನ್ನು ನಾಲ್ಕು ಮಾತು ಕೇಳಲಿ.

ಮೊದಲನೆಯದು, ಪಾಠ ಯಾವುದು? ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ತಂದಿತು. ಇಷ್ಟೆಲ್ಲ ಕೈಯಲ್ಲಿರುವಾಗ ಮೊಬೈಲಿನಲ್ಲಿ ಹರಿದು ಬಂದ ಪಾಠವನ್ನು ಹಾಡಬಾರದು. ಎರಡನೆಯದು, ಧಾಟಿಗಾಗಿ ಮಾತನ್ನು ಕತ್ತರಿಸಿದ್ದೀರಾ? ಮೊದಲ ಸಾಲನ್ನೇ ಪಲ್ಲವಿ ಮಾಡಿ ಹತ್ತು ಸಲ ತಿರುವಿ, ಕೊನೆಯ ಅಂಕಿತವನ್ನು ಅವಸರದಲ್ಲಿ ಮುಗಿಸುವುದುಂಟು. ವಚನದ ಅರ್ಥ ತೆರೆದುಕೊಳ್ಳುವುದು ಕೊನೆಯ ಸಾಲಿನಲ್ಲಿ, ಆ ಸಾಲಿಗೇ ಉಸಿರು ಉಳಿಯದಂತೆ ಹಾಡಿದರೆ ಹಾಡಿ ಫಲವೇನು? ಮೂರನೆಯದು, ಮನೆಯ ತಾಯಿ ಇದನ್ನು ಹಾಡಬಲ್ಲಳೇ? ಸ್ವರದ ಏರಿಳಿತ ಸಾಮಾನ್ಯರ ಕಂಠಕ್ಕೆ ನಿಲುಕುವಂತಿರಲಿ. ಮುದ್ರಣಕ್ಕೆ ಊರಿನ ಭಜನಾ ಮೇಳದ ನಾಲ್ವರನ್ನು ಕರೆದೊಯ್ದು ಹಿಮ್ಮೇಳದಲ್ಲಿ ಕೂಡಿಸಿರಿ. ಅವರ ಒಡಕು ದನಿಯನ್ನು ಯಂತ್ರದಿಂದ ತಿದ್ದಿಸಬೇಡಿರಿ.

ನಾಲ್ಕನೆಯದು ಕಾನೂನಿನ ಮಾತು. ವಚನ ಯಾರೊಬ್ಬರ ಸೊತ್ತೂ ಅಲ್ಲ. ಆದರೆ ಅದರ ಧ್ವನಿಮುದ್ರಣ ಪ್ರಕಟವಾದಂದಿನಿಂದ 60 ವರ್ಷ ಒಡೆತನದ ವಸ್ತುವಾಗಿರುತ್ತದೆ. ಹೊಸ ಧಾಟಿಗೂ ಒಡೆಯರಿರುತ್ತಾರೆ. ನೀವು ಕಟ್ಟಿದ ಧಾಟಿಯನ್ನು ಯಾವ ಊರಿನ ಮೇಳವೂ, ಯಾವ ಶಾಲೆಯ ಮಕ್ಕಳೂ ಹಾಡಬಹುದೆಂದು ಆಲ್ಬಮ್ಮಿನ ಮೇಲೆಯೇ ಬರೆದು ಹೊರತನ್ನಿರಿ, ಜೊತೆಗೆ ವಚನದ ಪೂರ್ಣಪಾಠವನ್ನೂ ಕೊಡಿರಿ. ಇದಕ್ಕೆ ಖರ್ಚೇನೂ ಬೀಳುವುದಿಲ್ಲ.

ಈ ನಾಲ್ಕಕ್ಕೆ ಸರಿಯಾದ ಉತ್ತರ ಬಂದರೆ ಗಿಟಾರು ಇದ್ದರೇನು, ಏಕತಾರಿ ಇದ್ದರೇನು? ಎರಡೂ ತಂತಿ ಕಟ್ಟಿದ ಕಟ್ಟಿಗೆಯೇ. ಉತ್ತರ ಬಾರದಿದ್ದರೆ ತಂಬೂರಿಯನ್ನೇ ಮೀಟಿ ಹಾಡಿದರೂ ಅದು ಕೇಳಿಸುವ ಹಾಡಾದೀತೇ ಹೊರತು ಹಾಡಿಸುವ ಹಾಡಾಗಲಾರದು. ಹಿರಿಯರಿಗೂ ಒಂದು ಬಿನ್ನಹವಿದೆ. ಹುಡುಗರ ಡ್ರಮ್ಮಿನ ಸದ್ದನ್ನು ಬಯ್ಯುವ ಮೊದಲು, ಇಂದು ಸಂಜೆ ಮನೆಯಲ್ಲಿ ಮೊಬೈಲನ್ನು ಅರ್ಧ ಗಳಿಗೆ ಬದಿಗಿಟ್ಟು ತಾವೇ ಒಂದು ವಚನವನ್ನು ಎತ್ತಿಕೊಡಲಿ. ಶ್ರುತಿ ತಪ್ಪಿದರೆ ತಪ್ಪಲಿ. ಮಕ್ಕಳು ಮೊದಲು ನಕ್ಕಾರು, ಆಮೇಲೆ ಹಿಂದೆ ಹಾಡಿಯಾರು.